ಆರು ವಾರದ ಟೀಚರು

ಶನಿವಾರ ಮಧ್ಯಾಹ್ನ ಅರ್ಜಿ ಹಿಡಿದುಕೊಂಡು ಅನಂತಮತಿ ಸಿದ್ಧಕಟ್ಟೆಯ ಶಾಲೆಯ ಜಗಲಿ ಹತ್ತಿದಾಗ ಮಕ್ಕಳೆಲ್ಲ ಮನೆಗೆ ಹೋಗಿಯಾಗಿತ್ತು. ಒಳಗೆ ಒಬ್ಬನೇ ಒಬ್ಬ ಪಂಚೆ ಎತ್ತಿ ಕಟ್ಟಿಕೊಂಡು, ಮೊಣಕೈವರೆಗೂ ಮಸಿ ಮಾಡಿಕೊಂಡು, ಕರಿಹಲಗೆಗೆ ಇದ್ದಿಲು ಮತ್ತು ಸೊಪ್ಪಿನ ರಸ ತಿಕ್ಕುತ್ತಿದ್ದ.

"ಹೆಡ್ಮಾಸ್ಟ್ರು ಇದ್ದಾರಾ?"

"ಊಟಕ್ಕೆ ಹೋಗಿದ್ದಾರೆ. ಎಂತ ಕೆಲಸ?"

"ಅದನ್ನು ಅವರ ಹತ್ತಿರವೇ ಹೇಳ್ತೇನೆ. ನೀವೊಮ್ಮೆ ಹೋಗಿ ಕರ್ಕೊಂಡು ಬರ್ತೀರಾ? ಎರಡೂವರೆ ಬಸ್ಸಿಗೆ ನನಗೆ ಮೂಡುಬಿದಿರೆಗೆ ಹೋಗ್ಬೇಕು."

ಅವನು ಅವಳನ್ನು ಒಂದು ಗಳಿಗೆ ನೋಡಿದ. ಏನೋ ಹೇಳಲು ಹೊರಟವನು ಹೇಳದೆ, ಕೈ ತೊಳೆದುಕೊಂಡು ವಿಧೇಯನಾಗಿ ಹೊರಟುಹೋದ. ಇಪ್ಪತ್ತು ನಿಮಿಷದಲ್ಲಿ ಹೆಡ್ಮಾಸ್ಟರ್ ಧರ್ಣಪ್ಪನವರು ಬಂದರು. ಅವರ ಹಿಂದೆ ಅವನು, ಮುಖದಲ್ಲಿ ಏನೂ ಅರಿಯದವನ ಕಳೆ.

ಧರ್ಣಪ್ಪನವರು ಕನ್ನಡಕ ಏರಿಸಿ ಅರ್ಜಿ ಓದಿದರು. "ಟ್ರೈನಿಂಗಿನ ಪಾಠಾಭ್ಯಾಸ, ಆರು ವಾರ. ನನ್ನದೇನೂ ಅಡ್ಡಿ ಇಲ್ಲಮ್ಮ. ಆದರೆ ಯಾರ ಕ್ಲಾಸಿನಲ್ಲಿ ಪಾಠ ಮಾಡ್ತೀರೋ ಆ ಮಾಸ್ಟ್ರು ಒಪ್ಪಬೇಕು. ಕಡೆಗೆ ವರದಿ ಬರೆಯುವುದೂ ಅವರೇ. ನಾಲ್ಕನೇ ಕ್ಲಾಸು ಇವರದ್ದು. ಕೇಶವಪ್ರಸಾದ ಮಾಸ್ಟ್ರು. ಇವರನ್ನೇ ಕೇಳಿ."

ಅನಂತಮತಿಯ ಕಿವಿ ಬಿಸಿಯಾಯಿತು. "ನಾನು… ನೀವು ಜವಾನರು ಅಂತ…"

"ಅದಕ್ಕೆಂತ? ಕಳಿಸಿದ ಕೆಲಸ ಸರಿಯಾಗಿ ಮಾಡಿದ್ದೇನಲ್ಲ?" ಎಂದ ಅವನು. ತುಟಿ ನಗದಿದ್ದರೂ ಕಣ್ಣು ನಕ್ಕಿತ್ತು. ಅರ್ಜಿಯ ಕೆಳಗೆ ರುಜು ಹಾಕುವಾಗ ಹೆಬ್ಬೆರಳಿನ ಮಸಿ ಕಾಗದಕ್ಕೆ ಅಂಟಿತು. "ಅಯ್ಯೋ, ಇದು ರುಜುವೂ ಆಯ್ತು, ಹೆಬ್ಬೆಟ್ಟೂ ಆಯ್ತು" ಎಂದ. ಅವಳಿಗೆ ನಗು ತಡೆಯಲಾಗಲಿಲ್ಲ.

ಆ ಅರ್ಜಿಗೆ ಅವಳು ಎಷ್ಟು ಮೆಟ್ಟಿಲು ಹತ್ತಿಳಿದಿದ್ದಳೆಂದು ಅವನಿಗೆ ಗೊತ್ತಿರಲಿಲ್ಲ. ಮೂಡುಬಿದಿರೆಯ ಶಾಲೆಗಳಲ್ಲೆಲ್ಲ ಆ ವರ್ಷ ಜಾಗ ಭರ್ತಿಯಾಗಿತ್ತು. ಅವಳದು ತಾಯಿಯ ಕಡೆಯಿಂದ ವಂಶ ನಡೆಯುವ ಅಳಿಯಸಂತಾನದ ಜೈನ ಮನೆ. ಅಲ್ಲಿ ಸೋದರಮಾವ ಜಿನರಾಜರ ಮಾತೇ ಮಾತು. ಮಂಗಳೂರಿನ ಟ್ರೈನಿಂಗ್ ಶಾಲೆಯ ಹಾಸ್ಟೆಲಿಗೆ ಕಳಿಸಲಿಕ್ಕೇ ಅವರು ಒಂದು ವರ್ಷ ಯೋಚನೆ ಮಾಡಿದ್ದರು. "ಪಾಠಾಭ್ಯಾಸ ದಿನಾ ಹೋಗಿ ಬರುವಂಥ ಊರಿನಲ್ಲಿ ಆದರೆ ಸರಿ, ಇಲ್ಲದಿದ್ದರೆ ಟ್ರೈನಿಂಗೇ ಬೇಡ" ಎಂದಿದ್ದರು. ಇಸವಿ ಐವತ್ತೊಂಬತ್ತು. ಅನಂತಮತಿಗೆ ಇಪ್ಪತ್ತು ವರ್ಷ.

ಜನವರಿಯಲ್ಲಿ ಪಾಠ ಶುರುವಾಯಿತು. ಅವಳು ಕಲಿಸುವಾಗ ಕೇಶವಪ್ರಸಾದ ಕೊನೆಯ ಬೆಂಚಿನಲ್ಲಿ ಮಕ್ಕಳ ನಡುವೆ ಮೊಣಕಾಲು ಮಡಚಿ ಕುಳಿತು ಪುಸ್ತಕದಲ್ಲಿ ಗುರುತು ಮಾಡಿಕೊಳ್ಳುತ್ತಿದ್ದ. ಮೊದಲ ದಿನ ಅವಳ ಕೈಯ ಸೀಮೆಸುಣ್ಣ ಮೂರು ಸಲ ಮುರಿಯಿತು.

"ಟೀಚರ್, ಸೀಮೆಸುಣ್ಣ ನಮ್ಮದು ಕಡಿಮೆ ಉಂಟು" ಎಂದು ಕ್ಲಾಸು ಮುಗಿದ ಮೇಲೆ ಅವನು ಗಂಭೀರವಾಗಿ ಹೇಳಿದ.

"ನೀವು ಹಾಗೆ ನೋಡ್ತಾ ಕೂತರೆ ಹಲಗೆಯೂ ಮುರಿದೀತು, ಮಾಸ್ಟ್ರೇ."

"ನೋಡುವುದು ನನ್ನ ಡ್ಯೂಟಿ."

"ಡ್ಯೂಟಿ ಇರುವುದು ಪಾಠ ನೋಡಲಿಕ್ಕೆ."

ಅವನು ತಕ್ಷಣ ಪುಸ್ತಕ ತೆರೆದು ಅದರಲ್ಲಿ ಮುಖ ಹುದುಗಿಸಿದ. ಪುಸ್ತಕ ತಲೆಕೆಳಗಾಗಿತ್ತು. ಅವಳು ನೋಡಿದಳು, ಹೇಳಲಿಲ್ಲ. ಹೇಳದೆ ಉಳಿದ ಆ ಮಾತಿನ ಸುಖ ಬಸ್ಸಿನಲ್ಲಿ ಮನೆಯವರೆಗೂ ಅವಳ ಜೊತೆಗೇ ಬಂತು.

ಸಂಜೆಯ ಬಸ್ಸಿಗೆ ಹೇಳುವವರು ಕೇಳುವವರು ಇರಲಿಲ್ಲ. ಒಮ್ಮೆ ಐದಕ್ಕೆ ಬಂದರೆ ಒಮ್ಮೆ ಆರೂವರೆ. ಹೊತ್ತು ಮುಳುಗಿದ ಮೇಲೆ ಅನಂತಮತಿಯ ಮನೆಯಲ್ಲಿ ಯಾರೂ ಉಣ್ಣುವುದಿಲ್ಲ. ತಡವಾದ ದಿನಗಳಲ್ಲಿ ಅವಳು ನೀರು ಕುಡಿದು ಮಲಗುತ್ತಿದ್ದಳು. ಇದು ಹೇಗೋ ಅವನಿಗೆ ಗೊತ್ತಾಯಿತು. ಮರುದಿನ ನಾಲ್ಕೂವರೆಯ ಗಂಟೆ ಬಾರಿಸಿದ ಕೂಡಲೇ ಮೇಜಿನ ಮೇಲೆ ಬಾಳೆಲೆಯ ಕಟ್ಟೊಂದು ಬಂತು.

"ಅವಲಕ್ಕಿ. ನೀರುಳ್ಳಿ ಹಾಕ್ಲಿಲ್ಲ. ಅಮ್ಮನಿಗೆ ಹೇಳಿದ್ದೇನೆ."

"ಅಮ್ಮನಿಗೆ ಎಂತ ಹೇಳಿದ್ದು?"

"ಶಾಲೆಗೆ ಹೊಸ ಟೀಚರು ಬಂದಿದ್ದಾರೆ, ಅಂತ."

"ಅಷ್ಟೇ?"

"ಇಷ್ಟರವರೆಗೆ ಅಷ್ಟೇ" ಎಂದು ಅವನು ಕಿಟಕಿಯ ಕಡೆ ತಿರುಗಿದ. ಅವನ ಕತ್ತಿನ ಹಿಂಭಾಗ ಕೆಂಪಾದದ್ದನ್ನು ಅನಂತಮತಿ ಕಂಡಳು. ಅಂದಿನ ಅವಲಕ್ಕಿಯಲ್ಲಿ ಉಪ್ಪು ಹೆಚ್ಚಿತ್ತೋ ಕಡಿಮೆಯಿತ್ತೋ ಅವಳಿಗೆ ಗೊತ್ತಾಗಲಿಲ್ಲ.

ಐದನೆಯ ವಾರದಲ್ಲಿ, ಬಸ್ಸಿನ ದಾರಿ ನೋಡುತ್ತ ಇಬ್ಬರೂ ಜಗಲಿಯ ಎರಡು ತುದಿಯಲ್ಲಿ ಕುಳಿತಿದ್ದಾಗ, ಅವಳೇ ಮಾತು ತೆಗೆದಳು. "ಮೂಡುಬಿದಿರೆಯ ಶಾಲೆಯಲ್ಲಿ ಒಂದು ಜಾಗ ಖಾಲಿ ಆಗ್ತದಂತೆ. ಫಸ್ಟ್ ಕ್ಲಾಸ್ ಬಂದವರಿಗೆ ಕೊಡ್ತಾರೆ. ಅದು ಸಿಕ್ಕಿದರೆ ಅಮ್ಮನ ಜೊತೆಗೇ ಇರಬಹುದು. ಎರಡು ವರ್ಷ ಮದುವೆ ಸುದ್ದಿ ಎತ್ತುವುದಿಲ್ಲ ಅಂದಿದ್ದಾರೆ ಮಾವ."

"ಸಿಗದಿದ್ದರೆ?"

"ದೂರದ ಊರಿಗೆ ಹಾಕ್ತಾರೆ. ಮದುವೆಯಾಗದ ಹುಡುಗಿ ಒಬ್ಬಳೇ ಪರವೂರಿನಲ್ಲಿ ಇರುವುದು ಬೇಡ ಅಂತ ಮಾವ ಸಂಬಂಧ ಗೊತ್ತು ಮಾಡ್ತಾರೆ."

ಅವನು ಬಸ್ಸು ಬರುವ ರಸ್ತೆಯನ್ನು ನೋಡಿದ. ಆಮೇಲೆ ಮೆಲ್ಲಗೆ ಹೇಳಿದ: "ಎರಡು ವರ್ಷ ಸಾಕು. ನನ್ನ ತಂಗಿಯ ಮದುವೆ ಅಷ್ಟರೊಳಗೆ ಆಗ್ತದೆ. ಅಪ್ಪ ಪೊಳಲಿ ಕಡೆಯಲ್ಲೆಲ್ಲ ಪೌರೋಹಿತ್ಯ ಮಾಡುವವರು, ಅವರಿಗೆ ಕಷ್ಟ ಆದೀತು. ಆದರೂ ಒಪ್ಪಿಸ್ತೇನೆ. ನೀವು… ಕಾಯ್ತೀರಾ?"

ಅನಂತಮತಿ ತಲೆಯೆತ್ತಿ ನೋಡಿದಳು. ನೋಡಿದ್ದೇ ಉತ್ತರವಾಯಿತು. ಆ ದಿನ ಬಸ್ಸು ಸರಿಯಾದ ಹೊತ್ತಿಗೆ ಬಂತು. ಅದರ ಮೇಲೆ ಇಬ್ಬರಿಗೂ ಸಿಟ್ಟು ಬಂತು.

ಏಪ್ರಿಲಿನಲ್ಲಿ ಫಲಿತಾಂಶ ತಿಳಿಯಿತು. ಬರಹದ ಪರೀಕ್ಷೆಯಲ್ಲೆಲ್ಲ ಅವಳಿಗೆ ಒಳ್ಳೆಯ ಅಂಕ ಬಂದಿತ್ತು. ಆದರೂ ಸೆಕೆಂಡ್ ಕ್ಲಾಸ್. ಲೆಕ್ಕ ತಪ್ಪಿರಬೇಕೆಂದು ಅವಳು ಟ್ರೈನಿಂಗ್ ಶಾಲೆಯ ಮುಖ್ಯೋಪಾಧ್ಯಾಯಿನಿಯ ಕೋಣೆಗೆ ಹೋದಳು. ಅವರು ಫೈಲು ತೆಗೆದು ಒಂದು ಹಾಳೆಯನ್ನು ಅವಳ ಕಡೆ ತಿರುಗಿಸಿದರು. ಪಾಠಾಭ್ಯಾಸದ ವರದಿ. ಕೆಳಗೆ ಕೇಶವಪ್ರಸಾದನ ರುಜು. ಅದರ ಮೇಲೆ ಅವನದೇ ದುಂಡು ಅಕ್ಷರಗಳಲ್ಲಿ ಒಂದೇ ಪದ: ಸಾಧಾರಣ.

ಅವಳು ಆ ಪದವನ್ನು ಮತ್ತೆ ಮತ್ತೆ ಓದಿದಳು. ಆರು ವಾರ ತನ್ನ ಉಸಿರನ್ನೂ ಗಮನಿಸುತ್ತಿದ್ದವನು ಬರೆದ ಪದ. ನಡುವೆ ಹಾಸ್ಟೆಲಿಗೆ ಅವನಿಂದ ಎರಡು ಕಾಗದ ಬಂದಿದ್ದವು. ಮಕ್ಕಳ ಸುದ್ದಿ, ಶಾಲೆಯ ಸುದ್ದಿ, ನೆನಪಾಗ್ತದೆ ಎಂಬ ಮಾತು, ಎಲ್ಲ ಇತ್ತು. ಇದೊಂದು ಮಾತ್ರ ಇರಲಿಲ್ಲ.

ಮರುದಿನವೇ ಅವಳು ಸಿದ್ಧಕಟ್ಟೆಗೆ ಹೋದಳು. ಶಾಲೆ ಬಿಟ್ಟಿತ್ತು. ಅವಳನ್ನು ಕಂಡ ಕೂಡಲೇ ಅವನ ಮುಖ ಬಿಳಿಚಿತು.

"ನನ್ನ ಪಾಠ ಸಾಧಾರಣವಾ, ಮಾಸ್ಟ್ರೇ? ನಿಜ ಹೇಳಿ. ಹೌದು ಅಂದರೆ ನಾನು ಈಗಲೇ ಹೋಗ್ತೇನೆ."

"ಅಲ್ಲ" ಎಂದ ಅವನು. "ನನ್ನ ಏಳು ವರ್ಷದ ಸರ್ವಿಸಿನಲ್ಲಿ ಅಂಥ ಪಾಠ ನಾನು ನೋಡ್ಲಿಲ್ಲ."

"ಮತ್ತೆ?"

"ಕೊನೆಯ ವಾರ ಧರ್ಣಪ್ಪ ಮಾಸ್ಟ್ರು ಕರೆದು ಹೇಳಿದ್ರು. ಜನ ಮಾತಾಡ್ತಾರೆ, ವರದಿ ಬರೆಯುವಾಗ ಜಾಗ್ರತೆ, ಅಂತ. ಉತ್ತಮ ಅಂತ ಬರೆದರೆ ಮುಲಾಜಿಗೆ ಬರೆದ ಅಂತಾರೆ. ನಿಮ್ಮ ಹೆಸರು ಹಾಳಾಗ್ತದೆ, ತಂಗಿಯ ಸಂಬಂಧ ತಪ್ಪಿ ಹೋಗ್ತದೆ ಅಂತ ಹೆದರಿಕೆ ಆಯ್ತು. ಬರಹದ ಪರೀಕ್ಷೆಯಲ್ಲಿ ನಿಮಗೆ ಹೇಗೂ ಒಳ್ಳೆ ಅಂಕ ಬರ್ತದೆ, ಒಟ್ಟಿನಲ್ಲಿ ಸರಿಯಾದೀತು ಅಂತ ಎಣಿಸಿದೆ."

"ಆ ಜಾಗ ಸಿಗದಿದ್ದರೆ ಎಂತ ಆಗ್ತದೆ ಅಂತ ನಿಮಗೆ ಗೊತ್ತುಂಟು. ನಾನೇ ಹೇಳಿದ್ದೆ, ಇದೇ ಜಗಲಿಯಲ್ಲಿ."



ಅನಂತಮತಿಗೆ ಆಗಲೂ ಅವನ ಮೇಲೆ ಪ್ರೀತಿಯೇ ಇತ್ತು. ಅದಕ್ಕೇ ಎದೆ ಅಷ್ಟು ಉರಿಯಿತು. "ಆದದ್ದು ಆಯ್ತು" ಎಂದಳು. "ಈಗ ಒಂದು ದಾರಿ ಉಂಟು. ನಾಳೆ ನಮ್ಮ ಮನೆಗೆ ಬನ್ನಿ. ಮಾವನ ಎದುರು ನಿಂತು, ಇವಳನ್ನು ನನಗೆ ಕೊಡಿ ಅಂತ ಕೇಳಿ. ಅವರು ಬೈಯಬಹುದು, ಹೊರಗೆ ಹಾಕಬಹುದು. ಕೇಳಿದಿರಿ ಅಂತ ಆದರೆ ನನಗೆ ಸಾಕು. ಆಮೇಲೆ ಎಷ್ಟು ವರ್ಷ ಬೇಕಾದರೂ ಹಟ ಹಿಡಿದು ಕೂರ್ತೇನೆ."

"ನಾಳೆಯಾ?" ಎಂದ ಅವನು. "ತಂಗಿಯ ಮದುವೆ ಒಂದು ಆಗಲಿ, ಅನಂತಮತಿ. ಬರುವ ವರ್ಷ…"

ಅವನು ಅವಳನ್ನು ಹೆಸರು ಹಿಡಿದು ಕರೆದದ್ದು ಅದೇ ಮೊದಲು. ಎಷ್ಟು ದಿನ ಆ ಕರೆಗಾಗಿ ಅವಳು ಕಿವಿ ತೆರೆದಿದ್ದಳು! ಅದು ಬಂದದ್ದು ಇಂಥ ಮಾತಿನ ಬಾಲ ಹಿಡಿದು.

"ಊರಿನ ಬಾಯಿಗೆ ಹೆದರಿ ನನ್ನನ್ನು ಸಾಧಾರಣ ಮಾಡಿದಿರಿ" ಎಂದಳು ಅವಳು. ಧ್ವನಿ ಏರಲಿಲ್ಲ. "ಮದುವೆಯಾದ ಮೇಲೆ ಮನೆಯವರ ಬಾಯಿಗೆ ಹೆದರಿ ಇನ್ನೆಷ್ಟು ಕಡಿಮೆ ಮಾಡ್ತೀರೋ, ಯಾರಿಗೆ ಗೊತ್ತು?"

ಅವನು ಹಿಂದೆ ಬರಲಿಲ್ಲ. ಬಂದಾನು ಎಂದು ಅವಳು ರಸ್ತೆಯ ತಿರುವಿನವರೆಗೂ ನಿಧಾನವಾಗಿ ನಡೆದಳು.

ಮೂಡುಬಿದಿರೆಯ ಜಾಗ ಬೇರೆಯವರಿಗೆ ಹೋಯಿತು. ಅನಂತಮತಿಗೆ ಬೆಳ್ತಂಗಡಿಯ ಶಾಲೆ. ಮೇ ತಿಂಗಳಿನಲ್ಲಿ ಜಿನರಾಜರು ಬೆಳ್ತಂಗಡಿಯ ಜೀವಂಧರ ಎಂಬ ವರನನ್ನೂ ಅವನ ಮನೆಯವರನ್ನೂ ಕರೆಸಿದರು. ಮೂವತ್ತರ ಹತ್ತಿರದ, ಮಾತು ಕಡಿಮೆಯ ಮನುಷ್ಯ. ಪೇಟೆಯಲ್ಲಿ ಜವುಳಿ ಅಂಗಡಿ. ಹಿರಿಯರೆಲ್ಲ ಕುಳಿತಿದ್ದ ಚಾವಡಿಯಲ್ಲಿ ಆತ ನೇರವಾಗಿ ಅವಳನ್ನೇ ಕೇಳಿದ: "ನಿಮಗೆ ಮನಸ್ಸು ಉಂಟಾ? ಇಲ್ಲದಿದ್ದರೆ ಹೇಳಿ, ಇಲ್ಲಿ ಯಾರೂ ನಿಮ್ಮನ್ನು ಒತ್ತಾಯ ಮಾಡದ ಹಾಗೆ ನಾನು ನೋಡಿಕೊಳ್ತೇನೆ. ಶಾಲೆ ಬಿಡ್ಬೇಕು ಅಂತ ಮಾತ್ರ ನಾನು ಯಾವತ್ತೂ ಹೇಳುವುದಿಲ್ಲ."

ಅನಂತಮತಿ ಬಾಗಿಲಿನ ಕಡೆ ಒಮ್ಮೆ ನೋಡಿದಳು. ಬಾಗಿಲಲ್ಲಿ ಬಿಸಿಲು ಮಾತ್ರ ಇತ್ತು. "ಉಂಟು" ಎಂದಳು.

ಜೂನ್ ಹತ್ತಿರವಾಗಿತ್ತು. ಬಂಟ್ವಾಳದ ಕಚೇರಿಯಲ್ಲಿ ನೇಮಕದ ಆರ್ಡರು ತೆಗೆದುಕೊಂಡು ಅನಂತಮತಿ ಬಿ.ಸಿ.ರೋಡಿನಲ್ಲಿ ಪೆಟ್ಟಿಗೆಯ ಜೊತೆ ಬೆಳ್ತಂಗಡಿಯ ಬಸ್ಸಿಗೆ ನಿಂತಿದ್ದಳು. ಮದುವೆಯವರೆಗೆ ಅವಳನ್ನು ಅಲ್ಲಿಯ ನೆಂಟರ ಮನೆಯಲ್ಲಿ ಇರಿಸಲು, ಬಸ್ಸು ಇಳಿಯುವಲ್ಲಿ ಕಾಯುತ್ತೇನೆಂದು ಮಾವ ಮೊದಲೇ ಬೆಳ್ತಂಗಡಿಗೆ ಹೋಗಿದ್ದರು.

"ಟೀಚರ್."

ಅವಳು ತಿರುಗಲಿಲ್ಲ. ತಿರುಗುವ ಅಗತ್ಯ ಇರಲಿಲ್ಲ. ಕೇಶವಪ್ರಸಾದ ಎದುರಿಗೆ ಬಂದು ನಿಂತ. ಸೊರಗಿ ಹೋಗಿದ್ದ. ಕೈಯಲ್ಲಿ ಮಡಚಿದ ಕಾಗದ.

"ಇವತ್ತು ಆರ್ಡರು ಕೊಡ್ತಾರೆ ಅಂತ ಗೊತ್ತಾಗಿ ಬಂದೆ. ಇದನ್ನು ಒಮ್ಮೆ ಓದಿ. ಅಸಲು ಟ್ರೈನಿಂಗ್ ಶಾಲೆಗೆ ಹೋಗಿದೆ."

ಅವಳು ಬಿಡಿಸಿದಳು.

"ನಾಲ್ಕನೇ ತರಗತಿಯ ಜುಲೈಕಾ ಎಂಬ ಹುಡುಗಿ ತೊದಲುತ್ತಾಳೆ. ಒಬ್ಬಳೇ ಓದಲು ನಾಚುತ್ತಿದ್ದಳು. ಈ ಶಿಕ್ಷಕಿಯು ಇಡೀ ತರಗತಿ ಒಂದೊಂದೇ ಅಕ್ಷರ ನಿಲ್ಲಿಸಿ ನಿಲ್ಲಿಸಿ ಓದುವ ಆಟ ಕಟ್ಟಿದರು. ಯಾರು ತೊದಲುವವರು, ಯಾರು ಆಡುವವರು ಎಂದು ತಿಳಿಯದೆ ಹೋಯಿತು. ಆ ಹುಡುಗಿ ಈಗ ತಾನಾಗಿ ಎದ್ದು ನಿಂತು ಓದುತ್ತಾಳೆ. ಇಂಥದ್ದನ್ನು ಯಾವ ತರಬೇತಿಯೂ ಕಲಿಸಲಾರದು. ನನ್ನ ವರದಿಯಲ್ಲಿ ಸಾಧಾರಣ ಎಂದು ಬರೆದದ್ದು ಸುಳ್ಳು. ಸಾಧಾರಣವಾಗಿದ್ದದ್ದು ಅವರ ಪಾಠವಲ್ಲ, ನನ್ನ ಧೈರ್ಯ. ಇದಕ್ಕೆ ಬರುವ ಶಿಕ್ಷೆಗೆ ನಾನು ಸಿದ್ಧ."

ಅಕ್ಷರಗಳು ಕಲಸಿಹೋದವು. ಆ ಆಟವನ್ನು ಯಾರಿಗಾಗಿ ಕಟ್ಟಿದ್ದೆಂದು ಅವಳು ಯಾರಿಗೂ ಹೇಳಿರಲಿಲ್ಲ. ಹೇಳದೆಯೂ ಅವನು ಕಂಡಿದ್ದ.

"ಮನೆಯಲ್ಲಿಯೂ ಹೇಳಿದೆ" ಎಂದ ಅವನು, ಮಾತು ಓಡಿಸುತ್ತ. "ಅಪ್ಪ ಒಂದು ವಾರ ಮಾತಾಡ್ಲಿಲ್ಲ. ತಂಗಿಯೇ ನನ್ನ ಪರ ನಿಂತಳು. ಕಡೆಗೆ ಅಮ್ಮ ಹೇಳಿದ್ರು, ಹುಡುಗಿಯನ್ನು ಒಮ್ಮೆ ಕರ್ಕೊಂಡು ಬಾ ಅಂತ. ಈಗಲೇ ನಿಮ್ಮ ಮಾವನ ಹತ್ತಿರ ಹೋಗುವ. ಇದೇ ಬಸ್ಸಿಗೆ ನಾನೂ ಬರ್ತೇನೆ."

"ನನ್ನ ನಿಶ್ಚಯ ಆಗಿ ಹದಿನೈದು ದಿನ ಆಯ್ತು, ಮಾಸ್ಟ್ರೇ."

ಪಕ್ಕದಲ್ಲಿ ಮಂಗಳೂರಿನ ಬಸ್ಸೊಂದು ಹಾರ್ನು ಹಾಕಿ ಹೋಯಿತು.

"ನಿಶ್ಚಯ ಅಷ್ಟೇ ಅಲ್ವಾ?" ಎಂದ ಅವನು. "ಮದುವೆ ಆಗ್ಲಿಲ್ಲ."

"ಯಾರೂ ಒತ್ತಾಯ ಮಾಡ್ಲಿಲ್ಲ. ಅವರು ಎಲ್ಲರ ಎದುರಿಗೆ ನನ್ನನ್ನೇ ಕೇಳಿದ್ರು. ನಾನೇ ಹೂಂ ಅಂದೆ. ಹೆದರಿ ಮಾತು ತಪ್ಪಿದಿರಿ ಅಂತ ನಿಮ್ಮ ಮೇಲೆ ಸಿಟ್ಟು ಮಾಡಿದವಳು ನಾನು. ಈಗ ನಾನೇ ತಪ್ಪುವುದಾ? ಅವರೆಂತ ತಪ್ಪು ಮಾಡಿದ್ದಾರೆ?"

"ಅವರ ಮೇಲೆ ಮನಸ್ಸು ಉಂಟಾ ನಿಮಗೆ?"

ಅನಂತಮತಿ ಕಾಗದವನ್ನು ಮೊದಲಿದ್ದ ಮಡಿಕೆಯಲ್ಲೇ ಮಡಚಿದಳು. "ಮನಸ್ಸು ಎಲ್ಲಿ ಉಂಟು ಅಂತ ನಿಮಗೆ ಗೊತ್ತುಂಟು. ಅದನ್ನು ನನ್ನ ಬಾಯಿಯಿಂದ ಹೇಳಿಸ್ಬೇಡಿ. ಹೇಳಿದರೆ ನನಗೆ ಬಸ್ಸು ಹತ್ತಲಿಕ್ಕೆ ಆಗುವುದಿಲ್ಲ."

ಅವಳು ಕಾಗದ ಮರಳಿ ಚಾಚಿದಳು. "ನಿಮ್ಮಲ್ಲೇ ಇರಲಿ" ಎಂದ ಅವನು.

"ನಾನು ಹೋಗುವ ಮನೆಯಲ್ಲಿ ಇದನ್ನು ಇಡುವ ಜಾಗ ಇಲ್ಲ. ಅಡಗಿಸಿ ಇಟ್ಟರೆ ಅದೂ ಒಂದು ಸುಳ್ಳೇ." ಅವಳು ಚಾಚಿದ ಕೈ ಹಿಂತೆಗೆಯಲಿಲ್ಲ. "ಬಾಯಿಪಾಠ ಆಗಿದೆ, ಮಾಸ್ಟ್ರೇ. ಒಂದೇ ಸಲಕ್ಕೆ."

ಕಾಗದ ತೆಗೆದುಕೊಳ್ಳುವಾಗ ಅವನ ಬೆರಳು ಅವಳ ಬೆರಳಿಗೆ ತಾಗಿತು. ಆರು ವಾರ ಒಂದೇ ಕೋಣೆಯಲ್ಲಿ ಕಳೆದವರು ಒಬ್ಬರನ್ನೊಬ್ಬರು ಮುಟ್ಟಿದ್ದು ಅಷ್ಟೇ. ಅಷ್ಟರಲ್ಲಿ ಬೆಳ್ತಂಗಡಿಯ ಬಸ್ಸು ಬಂತು.

ಅವನು ಅವಳ ಪೆಟ್ಟಿಗೆಯನ್ನು ಹತ್ತಿಸಿ ಕೆಳಗಿಳಿದು ನಿಂತ. ಕೊನೆಯ ಬೆಂಚಿನಲ್ಲಿ ಕುಳಿತು ನೋಡುತ್ತಿದ್ದ ಹಾಗೆಯೇ ನೋಡಿದ. ಈ ಸಲ ಕಣ್ಣು ತಪ್ಪಿಸಲಿಲ್ಲ.

ಬಸ್ಸು ಹೊರಟ ಮೇಲೆ ಕಂಡಕ್ಟರು ಬಂದು "ಎಲ್ಲಿಗೆ?" ಎಂದ. ಅವಳು ಒದ್ದೆಯಾದ ಮುಖವನ್ನು ಕಿಟಕಿಯ ಕಡೆ ತಿರುಗಿಸಿದಳು. ಪಕ್ಕದಲ್ಲಿ ಕುಳಿತಿದ್ದ ಮುದುಕಿಯೊಬ್ಬಳು, "ಅದು ಆಮೇಲೆ ಹೇಳ್ತದೆ, ನೀನು ಮುಂದೆ ಹೋಗು ಮಾರಾಯ" ಎಂದು ಅವನನ್ನು ಕಳಿಸಿದಳು. ತನ್ನ ಸೆರಗಿನ ತುದಿಯನ್ನು ಅನಂತಮತಿಯ ಕೈಗೆ ಕೊಟ್ಟು, ಕಣ್ಣೊರೆಸಿಕೊಳ್ಳುವವರೆಗೂ ಕಾದಳು.

"ಯಾರು ಹೋದದ್ದು, ಮಗಾ?" ಎಂದು ಮೆಲ್ಲಗೆ ಕೇಳಿದಳು.

"ಯಾರೂ ಹೋಗ್ಲಿಲ್ಲ, ಅಮ್ಮ" ಎಂದಳು ಅನಂತಮತಿ. "ನಾನೇ ಹೋಗ್ತಾ ಇದ್ದೇನೆ."