ಮೂವತ್ತೇಳನೆಯ ತಪ್ಪು

ಹಳೆಯ ಚೆಸ್ ಪುಸ್ತಕಗಳ ಮೂರು ಲಕ್ಷ ಆಟಗಳನ್ನು ಒಬ್ಬನೇ, ನಡೆಗಳನ್ನು ಗುರುತಿಸುವ ಹೊಸ ಬರಹಕ್ಕೆ ಇಳಿಸಿದವನು ನಾನು. ಬೆರಳು ಸೋತಾಗ ಕರಿಯ ರಾಣಿಯೇ ಬೋರ್ಡಿನಿಂದ ಎದ್ದು ಬಂದು ಒತ್ತಿಕೊಟ್ಟಿದ್ದಾಳೆ! ನನ್ನಿಂದಾದ ತಪ್ಪು ಮೂವತ್ತೇಳೇ. ಅವನ್ನೂ ಬೇಕೆಂದೇ ಮಾಡಿದ್ದು, ಪ್ರೇಮಕ್ಕಾಗಿ.

ಹಳೆಯ ಪುಸ್ತಕಗಳಲ್ಲಿ ಬಿಳಿಯವನು ತನ್ನ ಕಡೆಯಿಂದ ಮನೆ ಎಣಿಸುತ್ತಾನೆ, ಕರಿಯವನು ತನ್ನ ಕಡೆಯಿಂದ. ಈಗ ಇಬ್ಬರಿಗೂ ಬಿಳಿಯ ಕಡೆಯಿಂದಲೇ ಎಣಿಕೆ. ಕರಿಯ ಕುದುರೆಯ ಮೂರನೇ ಮನೆ ಆರನೆಯದಾಗಬೇಕು. ಮರೆತರೆ ಕುದುರೆ ಶತ್ರುವಿನ ಅಂಗಳದಲ್ಲಿ.

ನಾನು ಬರೆದದ್ದನ್ನು ಕಿಟಕಿಯ ಬಳಿಯ ಪ್ರೂಫ್ ರೀಡರ್ ಬೋರ್ಡಿನ ಮೇಲೆ ಆಡಿ ನೋಡುತ್ತಿದ್ದಳು. ತಪ್ಪು ಸಿಕ್ಕರೆ ಕುದುರೆಯನ್ನು ಮುಷ್ಟಿಯಲ್ಲಿ ಹಿಡಿದು ನನ್ನ ಮೇಜಿಗೆ ಬರುತ್ತಿದ್ದಳು. ಸಿಗದ ದಿನ ಬರುತ್ತಿರಲಿಲ್ಲ. ನಾನಾದರೂ ಏನು ಮಾಡಲಿ?

“ಏನ್ರೀ ಪಂಡಿತರೇ, ನಿಮ್ಮ ಕುದುರೆಗೆ ರೆಕ್ಕೆ ಬಂತಾ?”

“ನಿಮ್ಮನ್ನ ನೋಡಿ ಹಾರಿರ್ಬೇಕು.”

“ಹಾಗಾದ್ರೆ ಕಟ್ಟಿಹಾಕಿ.” ತುಟಿ ಬಿಗಿ. ಕಣ್ಣಂಚಿನಲ್ಲಿ ಮಾತ್ರ ನಗು.

ಪುಸ್ತಕ ಅಚ್ಚಾಯಿತು. ಕೊನೆಯ ಪುಟದ ಆಟ ಬರೆದಂತೆ ಆಡಿದರೆ ನಡೆಯುವುದೇ ಇಲ್ಲವೆಂದು ಓದುಗರೊಬ್ಬರ ಪತ್ರ ಬಂತು. ಪ್ರಕಾಶನದ ಮಾಲೀಕರು ನಮ್ಮಿಬ್ಬರನ್ನೂ ಕರೆದು, “ಯಾರದ್ದಿದು?” ಎಂದರು. ಅವಳು ನನ್ನನ್ನೇ ನೋಡಿದಳು.

“ಆಡಿ ನೋಡೋದು ಅವರ ಕೆಲಸ, ಸಾರ್,” ಎಂದೆ.

ಅವತ್ತೇ ಅವಳ ಕೆಲಸ ಹೋಯಿತು. ಚಹಾದ ಕಪ್, ಕನ್ನಡಕದ ಡಬ್ಬಿ ಚೀಲಕ್ಕೆ ಹಾಕಿಕೊಂಡು ಹೊರಟವಳನ್ನು ಮೆಟ್ಟಿಲ ಬಳಿ ತಡೆದೆ.

“ಆ ತಪ್ಪೆಲ್ಲ ಬೇಕಂತಲೇ ಮಾಡಿದ್ದು. ನೀವು ನನ್ನ ಹತ್ರ ಬರ್ಲಿ ಅಂತ.”

“ಗೊತ್ತು. ಮೂವತ್ತಾರೂ ಗೊತ್ತು. ಬೇಗ ಸಿಗ್ಲಿ ಅಂತ ಆ ದಿನದ ಮೊದಲನೇ ಪುಟದಲ್ಲೇ ಇಡ್ತಿದ್ರಿ. ನಂಗೂ ಇಷ್ಟ ಆಗ್ತಿತ್ತು.” ಅವಳ ದನಿ ಇಳಿಯಿತು. “ಕೊನೇ ಪುಟ ನನ್ನ ಕೈಗೇ ಬರ್ಲಿಲ್ವಲ್ಲ? ಅಮ್ಮನ್ನ ಆಸ್ಪತ್ರೆಗೆ ಸೇರಿಸಿದ್ದ ದಿನ ಅದು. ಅದೂ ಪ್ರೇಮಕ್ಕೇನಾ?”



“ಇಲ್ಲ. ಅದು ನಿಜವಾದ ತಪ್ಪು. ನಾನು ಬರೆದದ್ದನ್ನ ಯಾರು ನೋಡ್ಬೇಕು ಅನ್ನೋ ಜಂಬದಲ್ಲಿ ನಾನೇ ಪ್ರೆಸ್ಸಿಗೆ ಕಳಿಸ್ದೆ.”

“ಇದನ್ನ ಸಾರ್‌ಗೆ ಹೇಳ್ತೀರಾ?”

ಮಾಲೀಕರ ಬಾಗಿಲು ಹತ್ತು ಹೆಜ್ಜೆ ದೂರದಲ್ಲಿತ್ತು. ನಾನು ನೆಲ ನೋಡಿದೆ. ಅವಳು ಕರಿಯ ಕುದುರೆಯನ್ನು ನನ್ನ ಅಂಗೈಯಲ್ಲಿಟ್ಟು, ಬೆರಳುಗಳನ್ನು ಒಂದೊಂದಾಗಿ ಮಡಚಿ, ಇಳಿದು ಹೋದಳು.

ಮೂರು ಲಕ್ಷ ಆಟ ಅಂದೆನಲ್ಲ? ಸುಳ್ಳು. ನಾನೂರ ಹನ್ನೆರಡು. ಹತ್ತು ಹೆಜ್ಜೆ ಮಾತ್ರ ನಿಜ. ಆ ಬಾಗಿಲನ್ನು ನಾನು ಇವತ್ತಿಗೂ ತಟ್ಟಿಲ್ಲ.