ಕಳಿಸಿದ್ದು ಒಂದೇ ಪಿಸ್ತೂಲು

ಸೋಮವಾರ ಬೆಳಗ್ಗೆ ಠಾಣೆಗೆ ಬಂದ ದೂರು ಮೂರೇ ಸಾಲಿನದು. ಶೂಟಿಂಗ್ ಕ್ಲಬ್ಬಿನ ಕೋಚ್ ತನ್ನ ಆಫೀಸು ಕೋಣೆಯಲ್ಲಿ ಗುಂಡೇಟು ತಿಂದು ಸತ್ತಿದ್ದಾನೆ. ಹಿಂದಿನ ದಿನ ಕ್ಲಬ್ಬಿಗೆ ರಜೆ. ಮನೆಗೆ ಬಾರದ ಅಣ್ಣನನ್ನು ಹುಡುಕಿಕೊಂಡು ಹೋದ ತಮ್ಮನೇ ಹೆಣ ನೋಡಿ ಓಡಿಬಂದಿದ್ದ.

"ಯಾರ ಮೇಲಾದ್ರೂ ಅನುಮಾನ ಇದೆಯಾ?" ಇನ್‌ಸ್ಪೆಕ್ಟರ್ ಕೇಳಿದರು.

"ಅಂಚೆ ಕಚೇರಿಲಿ ಗುಮಾಸ್ತೆ ಒಬ್ಬಳಿದಾಳೆ ಸಾರ್. ಶನಿವಾರ ಅಣ್ಣ ಅವಳನ್ನ ತಂಡದಿಂದ ತೆಗೆದ. ಎಲ್ಲರ ಮುಂದೆ 'ನಿಮ್ಮನ್ನ ಸುಮ್ನೆ ಬಿಡಲ್ಲ' ಅಂದ್ಲಂತೆ."

ಎಫ್‌ಐಆರ್ ಆಯಿತು, ಸ್ಥಳದ ಪಂಚನಾಮೆಯೂ ಆಯಿತು. ಕೋಚ್‌ನ ಕೋಣೆಯ ಗೋಡೆಗೇ ಪಿಸ್ತೂಲುಗಳ ಕಪಾಟು. ಒಂದೇ ಕಂಪನಿಯ ನಾಲ್ಕು ಪಿಸ್ತೂಲು, ನಾಲ್ಕು ಪೆಟ್ಟಿಗೆ, ಪ್ರತಿ ಪೆಟ್ಟಿಗೆಯ ಮೇಲೂ ಬಳಸುವವರ ಹೆಸರು. ಇನ್‌ಸ್ಪೆಕ್ಟರ್ ಗುಮಾಸ್ತೆಯದನ್ನು ಮಾತ್ರ ತೆಗೆಸಿ, ಕಪಾಟಿಗೂ ಕೋಣೆಗೂ ಮೊಹರು ಹಾಕಿಸಿದರು. ಅವಳ ಪಿಸ್ತೂಲಿನ ನಳಿಗೆ ಫಳಫಳ ಹೊಳೆಯುತ್ತಿತ್ತು. ಹಾರಿಸಿ ಒರೆಸಿಟ್ಟಿದ್ದಾಳೆ, ಜಾಣೆ ಎಂದುಕೊಂಡರು. ಮಸಿ ಇದ್ದಿದ್ದರೆ ಒರೆಸಲು ಪುರಸೊತ್ತಾಗಿಲ್ಲ ಎಂದುಕೊಳ್ಳುತ್ತಿದ್ದರು. ಮನುಷ್ಯ ತನ್ನ ಮೂಗಿನ ನೇರಕ್ಕೆ ಯೋಚಿಸಲು ಹೊರಟರೆ ಎಲ್ಲವೂ ಸಾಕ್ಷಿಯೇ.

ಭಾನುವಾರ ಎಲ್ಲಿದ್ದೆ ಎಂದು ಗುಮಾಸ್ತೆಯನ್ನು ಕೇಳಿದರೆ ಒಬ್ಬಳೇ ಸುಮ್ಮನೆ ನಡೆದಾಡುತ್ತಿದ್ದೆ ಎಂದಳು. ನೋಡಿದವರಿಲ್ಲ. ಪ್ರಯೋಗಾಲಯಕ್ಕೆ ಪತ್ರ ಹೋಯಿತು: 'ಇದು ಆರೋಪಿಯ ಪಿಸ್ತೂಲು. ಮೃತನ ದೇಹದಲ್ಲಿ ಸಿಕ್ಕ ಗುಂಡು ಇದರಿಂದಲೇ ಹಾರಿದ್ದೆಂದು ದೃಢಪಡಿಸಿಕೊಡುವುದು.' ನಳಿಗೆಯ ಒಳಮೈ ಗುಂಡಿನ ಮೇಲೆ ಸಣ್ಣ ಗೆರೆಗಳನ್ನು ಎಳೆದುಬಿಡುತ್ತದೆ. ಆ ಗೆರೆಗಳನ್ನು ಸೂಕ್ಷ್ಮದರ್ಶಕದಲ್ಲಿ ಹೊಂದಿಸಿ ನೋಡಿ ತಜ್ಞೆ ಉತ್ತರ ಬರೆದಳು: 'ಇದೇ ಪಿಸ್ತೂಲು. ಬೇರೆ ಯಾವುದೂ ಅಲ್ಲ.' ಗುಮಾಸ್ತೆ ಜೈಲಿಗೆ ಹೋದಳು. ಇನ್‌ಸ್ಪೆಕ್ಟರ್ ಮಟ್ಟಿಗೆ ಕೇಸು ಅಲ್ಲಿಗೆ ಮುಗಿದಿತ್ತು.

ಮುಗಿಯದೇ ಉಳಿದಿದ್ದು ಅವಳ ತಾಯಿಗೆ. ಆಕೆ ದಿನಾ ಬಂದು ಠಾಣೆಯ ಬೆಂಚಿನ ಮೇಲೆ ಕೂರುತ್ತಿದ್ದಳು. ಅಳುವುದಿಲ್ಲ, ಬೈಯುವುದಿಲ್ಲ.

"ಏನಮ್ಮ ಬೇಕು?" ಎಂದು ದಫೇದಾರ ರೇಗಿದರೆ, "ಏನಿಲ್ಲಪ್ಪ. ಇಲ್ಲಿ ಕೂತ್ರೆ ನಿಮಗೆ ಅವಳ ನೆನಪಿರುತ್ತೆ ಅಂತ" ಎನ್ನುತ್ತಿದ್ದಳು.

ದೋಷಾರೋಪ ಪಟ್ಟಿ ಸಿದ್ಧವಾಗಿತ್ತು. ಸಹಿ ಹಾಕುವ ಮುಂಚೆ ಸಾಕ್ಷಿಪಟ್ಟಿಯ ವಿಷಯ ಮಾತಾಡಲು ಇನ್‌ಸ್ಪೆಕ್ಟರ್ ತಜ್ಞೆಗೆ ಫೋನ್ ಮಾಡಿದರು. ಆಕೆ ಖುಷಿಯಲ್ಲಿದ್ದಳು.

"ನಿಮ್ಮ ಕೇಸು ಸಲೀಸು ಸಾರ್. ಕಳಿಸಿದ್ದೇ ಒಂದು, ಅದೇ ಹೊಂದ್ತು."

ಫೋನ್ ಇಟ್ಟ ಮೇಲೂ ಆ ಮಾತು ಅವರನ್ನು ಬಿಡಲಿಲ್ಲ. ಹೆಜ್ಜೆಗುರುತಿಗೆ ಒಂದೇ ಒಂದು ಚಪ್ಪಲಿ ತೋರಿಸಿ ಇದೇನಾ ಎಂದು ಕೇಳಿದಂತಾಯಿತಲ್ಲ! ಉಳಿದ ಮೂರು ಪಿಸ್ತೂಲುಗಳು ಕಪಾಟಿನಲ್ಲೇ ಇದ್ದವು. ಬಾಗಿಲಾಚೆ ಬೆಂಚಿನ ಮೇಲೆ ಆ ತಾಯಿ ಇದ್ದಳು. ಪೆನ್ನು ಕೆಳಗಿಟ್ಟರು.

ಮರುದಿನ ಪಂಚರ ಎದುರು ಕಪಾಟಿನ ಮೊಹರು ಒಡೆದರು. ಮೂರು ಪೆಟ್ಟಿಗೆ ತೆರೆದಾಗ ಒಂದು ಪಿಸ್ತೂಲಿನ ನಳಿಗೆಯಲ್ಲಿ ಹಳದಿ ಬಣ್ಣದ ಪ್ಲಾಸ್ಟಿಕ್ ದಾರವೊಂದು ತೂರಿತ್ತು. ಏನೆಂದು ಇನ್‌ಸ್ಪೆಕ್ಟರ್‌ಗಾಗಲಿ ದಫೇದಾರನಿಗಾಗಲಿ ಗೊತ್ತಾಗಲಿಲ್ಲ. ದಫೇದಾರ ಇದ್ದದ್ದನ್ನು ಇದ್ದಂತೆ ಪಂಚನಾಮೆಯಲ್ಲಿ ಬರೆದ. ಈ ಸಲ ನಾಲ್ಕೂ ಪಿಸ್ತೂಲುಗಳಿಗೆ ಒಂದು, ಎರಡು, ಮೂರು, ನಾಲ್ಕು ಎಂದು ಚೀಟಿ ಅಂಟಿಸಿದರು. ಹೆಸರಿಲ್ಲ.

"ಯಾವುದು ಯಾರದು ಅಂತ ಕೇಳಿದ್ರೆ?" ಎಂದ ದಫೇದಾರ.

"ನೀನು ಹುಟ್ಟಾ ಮೂಗ."

ಹತ್ತು ದಿನಕ್ಕೆ ತಜ್ಞೆಯೇ ಠಾಣೆಗೆ ಬಂದಳು. ಕುರ್ಚಿ ಕೊಟ್ಟರೂ ಕೂರಲಿಲ್ಲ.

"ಒಂದು, ಮೂರು, ನಾಲ್ಕು. ಮೂರೂ ಆ ಗುಂಡಿಗೆ ಹೊಂದುತ್ತೆ ಸಾರ್. ಕಾರ್ಖಾನೆಲಿ ಒಂದೇ ಹತಾರದಿಂದ ಒಂದರ ಹಿಂದೆ ಒಂದು ಕೊರೆದಿರ್ಬೇಕು. ಆ ಹತಾರದ ಗುರುತೇ ಮೂರರಲ್ಲೂ ಬಂದಿದೆ."

"ಹಾಗಾದ್ರೆ ನಿಮ್ಮ ಮೊದಲ ವರದಿ ಸುಳ್ಳಾ?"

"ಹೊಂದುತ್ತೆ ಅಂದಿದ್ದು ಸುಳ್ಳಲ್ಲ. 'ಬೇರೆ ಯಾವುದೂ ಅಲ್ಲ' ಅಂತ ಬರೆದೆನಲ್ಲ, ಅದು ತಪ್ಪು. ಬೇರೆ ಯಾವುದನ್ನೂ ನಾನು ನೋಡೇ ಇರ್ಲಿಲ್ಲ. ನಿಮ್ಮ ಪತ್ರ ಓದಿ ಕೂತಿದ್ದೆ, ನಿಮಗೆ ಬೇಕಾದ್ದೇ ಕಾಣ್ತು."

ಇನ್‌ಸ್ಪೆಕ್ಟರ್‌ಗೆ ನಾಚಿಕೆಯಾಯಿತು. ಆ ಪತ್ರ ತಮ್ಮದೇ.

"ಇನ್ನೊಂದು ಸಾರ್. ಮೂರನೇದರ ನಳಿಗೆಲಿ ಹಳೇ ಮಸಿ ಇತ್ತು. ಯಾರೋ ಹಾರಿಸಿ ಒರೆಸದೇ ಇಟ್ಟಿದಾರೆ."

ಮೂರನೆಯದೆಂದರೆ ದಾರವಿದ್ದ ಪಿಸ್ತೂಲು. ಇನ್‌ಸ್ಪೆಕ್ಟರ್ ಅದೇ ಮಧ್ಯಾಹ್ನ ಜೈಲಿಗೆ ಹೋಗಿ ಗುಮಾಸ್ತೆಯ ಎದುರು ಕೂತರು. ಅವಳು ಇಳಿದುಹೋಗಿದ್ದಳು.

"ಹಳದಿ ದಾರ ಯಾಕೆ ಹಾಕ್ತೀರಮ್ಮ?"

"ನಳಿಗೆ ಖಾಲಿ ಇದೆ ಅಂತ ಎಲ್ಲರಿಗೂ ಕಾಣೋಕೆ ಸಾರ್. ಹಾರಿಸಿದ ತಕ್ಷಣ ಹಾಕ್ಬೇಕು. ಆಮೇಲೆ ತೆಗೆದು, ನಳಿಗೆ ಒರೆಸಿ ಪೆಟ್ಟಿಗೆಗೆ ಇಡೋದು."

"ಪೆಟ್ಟಿಗೇಲಿದ್ದಾಗ ದಾರ ಇರುತ್ತಾ?"

"ಇರೋ ಹಾಗಿಲ್ಲ. ಶನಿವಾರ ಸಂಜೆ ಎಲ್ಲಾ ಪೆಟ್ಟಿಗೆ ನಾನೇ ನೋಡಿ ಕಪಾಟು ಮುಚ್ಚಿದ್ದೆ. ದಾರ ಹಾಕದೇ ಇದ್ರೆ ಮೇಷ್ಟ್ರು ಬೆರಳಿಗೆ ಹೊಡೀತಿದ್ರು. ನಿದ್ದೇಲೂ ಕೈ ಅದನ್ನ ಮಾಡ್ಬೇಕು ಅಂತಿದ್ರು." ಆಮೇಲೆ ಕೇಳಿದಳು, "ಯಾರ ಪಿಸ್ತೂಲಲ್ಲಿತ್ತು ಸಾರ್?"

ಇನ್‌ಸ್ಪೆಕ್ಟರ್ ಎದ್ದು ನಿಂತರು. ಮೇಷ್ಟ್ರು ಎಂದರೆ ಸಹಾಯಕ ಕೋಚ್. ಅವಳ ಕೈಗೆ ಮೊದಲು ಪಿಸ್ತೂಲು ಕೊಟ್ಟವರು ಅವರೇ. ಮೂರನೆಯ ಪೆಟ್ಟಿಗೆಯ ಮೇಲಿದ್ದದ್ದು ಅವರ ಹೆಸರು.

ಮೇಷ್ಟ್ರ ಮನೆಯ ಮುಂದೆ ಜೀಪು ನಿಂತಾಗ ಅವರು ಬಟ್ಟೆ ಒಣಗಿಹಾಕುತ್ತಿದ್ದರು. ಇನ್‌ಸ್ಪೆಕ್ಟರ್ ಹಳದಿ ದಾರವಿದ್ದ ಪೊಟ್ಟಣವನ್ನು ತೋರಿಸಿದರು.

"ಭಾನುವಾರ ಇದನ್ನ ಹಾಕಿದ್ಯಾರು ಮೇಷ್ಟ್ರೇ?"

ಅವರು ದಾರವನ್ನೇ ನೋಡುತ್ತ ನಿಂತರು. ಒದ್ದೆ ಅಂಗಿಯಿಂದ ಅವರ ಪಾದದ ಮೇಲೆ ನೀರು ತೊಟ್ಟಿಕ್ಕುತ್ತಿತ್ತು.

"ಕೈ ತಾನೇ ಹಾಕಿಬಿಟ್ಟಿದೆ," ಎಂದರು.

ಹೇಳಿಕೆ ದೊಡ್ಡದೇನಲ್ಲ. ಗುಮಾಸ್ತೆಯನ್ನು ತೆಗೆದದ್ದು ಯಾಕೆ ಎಂದು ಕೇಳಲು ಅವರು ಭಾನುವಾರ ಹೋಗಿದ್ದರು. ಕೋಚ್ ನಕ್ಕು, 'ಹುಡುಗಿ ಗುರಿ ಚೆನ್ನಾಗಿದೆ, ಕಲಿಸಿದವನು ಸರಿ ಇಲ್ಲ' ಎಂದಿದ್ದ. ಕೋಚ್ ಯಾವುದಕ್ಕೋ ಕಪಾಟು ತೆರೆದಿಟ್ಟಿದ್ದ. ಅವಳ ಪರವಾಗಿ ಹೋದ ಮನುಷ್ಯ ತನ್ನ ಮಾನಕ್ಕಾಗಿ ಕೊಂದು ಬಂದಿದ್ದ.

"ಅವಳು ಒಳಗಿದಾಳೆ ಅಂತ ಗೊತ್ತಿದ್ದೂ ಹೆಂಗೆ ಸುಮ್ನಿದ್ರಿ?"

"ಮಾಡಿಲ್ವಲ್ಲ, ಬಿಡ್ತಾರೆ ಅಂದ್ಕೊಂಡೆ. ಆಮೇಲೆ ವರದಿ ಬಂತು, ಅವಳದೇ ಪಿಸ್ತೂಲು ಅಂತ." ಮೇಷ್ಟ್ರು ತಮ್ಮ ಬಲಗೈಯನ್ನು ತಿರುಗಿಸಿ ನೋಡಿಕೊಂಡರು. "ನಂಬ್ತೀರೋ ಇಲ್ವೋ ಸಾರ್, ಅವತ್ತು ರಾತ್ರಿ ನನಗೇ ಅನುಮಾನ ಬಂತು. ನಾನು ಹಾರಿಸಿದ್ದು ಅವಳ ಪಿಸ್ತೂಲೇ ಇರ್ಬೇಕು ಅಂದ್ಕೊಂಡೆ. ಅಷ್ಟು ಓದಿದವರು ಸುಳ್ಳು ಬರೀತಾರಾ?"

ಇನ್‌ಸ್ಪೆಕ್ಟರ್ ಠಾಣೆಗೆ ಬಂದು ಹಳೆಯ ದೋಷಾರೋಪ ಪಟ್ಟಿಯನ್ನು ಹರಿದರು. ತಮ್ಮ ಮೊದಲ ಪತ್ರದ ಪ್ರತಿಯನ್ನು ಹರಿಯಲಿಲ್ಲ. ಅದನ್ನು ಹೊಸ ಕಡತಕ್ಕೆ, ಎಲ್ಲಕ್ಕಿಂತ ಮೇಲೆ, ತಾವೇ ಸೇರಿಸಿದರು. ಆಮೇಲೆ ಹೊರಗೆ ಹೋಗಿ ಬೆಂಚಿನ ಮೇಲೆ ಆ ತಾಯಿಯ ಪಕ್ಕ ಕೂತರು.

"ನೆನಪಾಯ್ತಾ ಸಾರ್?" ಎಂದಳು ಆಕೆ.