ಮೂಗಿಗೆ ಬಡಿದ ಬಾಗಿಲು

ಠಪ್! ಬಾಗಿಲು ನೇರವಾಗಿ ಆಪರೇಟರ್ ಮಾಮನ ಮೂಗಿಗೇ ಬಡಿಯಿತು. ಒಳಗಿಂದ ಬಂದ ನರ್ಸು "ಅಯ್ಯಯ್ಯೋ!" ಎಂದು ಹಿಡಿಕೆ ಹಿಡಿದೇ ನಿಂತುಬಿಟ್ಟರು.

"ಮಾಮ, ಏಟಾಯ್ತಾ?" ಮೆಣಸಿ ಓಡಿಬಂದಳು.

"ಮೂಗು ಇನ್ನೂ ಇದೆಯಾ, ನೋಡಿ ಹೇಳಮ್ಮ," ಎಂದರು ಮಾಮ, ಮುಖ ಒತ್ತಿಹಿಡಿದು.

ಇತ್ತು. ಕೆಂಪಗಾಗಿತ್ತು, ಅಷ್ಟೇ.

ಮಾಮನಿಗೆ ಕಣ್ಣು ಕಾಣುವುದಿಲ್ಲ. ಆಸ್ಪತ್ರೆಗೆ ಬರುವ ಫೋನುಗಳಿಗೆಲ್ಲ ಉತ್ತರ ಕೊಡುವುದು ಅವರ ಕೆಲಸ. ಮೆಣಸಿಯ ಅಮ್ಮ ಬೋರ್ಡು ಹಾಕುವವಳು. ಬೆರಳಿನಿಂದ ಓದುವ ಬ್ರೈಲ್ ಚುಕ್ಕೆಗಳ ಬೋರ್ಡುಗಳನ್ನು ಕೋಣೆ ಕೋಣೆಗೂ ಅಂಟಿಸಲು ಬಂದಿದ್ದಳು. ಶಾಲೆಗೆ ರಜೆ ಇತ್ತು, ಮಗಳೂ ಜೊತೆಗೆ ಬಂದಿದ್ದಳು. ಆಳು ಚಿಕ್ಕದು, ಮಾತು ಖಾರ. ಅದಕ್ಕೇ ಎಲ್ಲರೂ ಮೆಣಸಿ ಎನ್ನುತ್ತಿದ್ದರು.

ಈಗ ಆ ಖಾರವೆಲ್ಲ ಇಳಿದಿತ್ತು.

ಅಮ್ಮ ಮೇಲಿನ ಮಹಡಿಗೆ ಹೋಗುವಾಗ ಆರು ಬೋರ್ಡು ಕೊಟ್ಟು, "ಹಿಡಿಕೆ ಇರೋ ಕಡೆ, ಪಕ್ಕದ ಗೋಡೆಗೆ ಅಂಟಿಸು. ಪೆನ್ಸಿಲ್ ಗುರುತು ಹಾಕಿದ್ದೀನಿ," ಎಂದಿದ್ದಳು. ಆದರೆ ಗೋಡೆಯ ಮೇಲೆ ಅದೇನು ಚಂದ? ಮೆಣಸಿ ಆರನ್ನೂ ಬಾಗಿಲುಗಳ ನಟ್ಟನಡುವೆ ಅಂಟಿಸಿದ್ದಳು. ಮಾಮ ಚುಕ್ಕೆ ಓದಲು ಬಾಗಿಲಿಗೆ ಮುಖ ಕೊಟ್ಟು ನಿಂತಿದ್ದರು. ಬಾಗಿಲು ಹೊರಗಡೆಗೆ ತೆರೆಯಿತು.

ಸೂಪರ್‌ವೈಸರ್ ಮೇಡಂ ಬಂದರು. ಅಮ್ಮನೂ ಇಳಿದುಬಂದಳು.

"ಏನ್ರೀ ಇದು? ಇನ್ನೆರಡು ಮಹಡಿ ನಿಮಗೇ ಕೊಡೋಣ ಅಂತಿದ್ದೆ. ಬೇರೆಯವರನ್ನ ಕರೆಸ್ತೀನಿ ಬಿಡಿ!"

ಅಮ್ಮ ಬಾಗಿಲು ನೋಡಿದಳು. ಗೋಡೆಯ ಗುರುತು ನೋಡಿದಳು. ಮಗಳನ್ನು ನೋಡಿದಳು. "ತಪ್ಪಾಯ್ತು ಮೇಡಂ. ನಂದೇ ತಪ್ಪು."

ಮೆಣಸಿ ಅಮ್ಮನ ಮುಖ ನೋಡಿದಳು. ಸುಮ್ಮನಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ.

"ಅಮ್ಮಂದಲ್ಲ. ಅಂಟಿಸಿದ್ದು ನಾನು. ಅಮ್ಮ ಗೋಡೆಗೆ ಅಂತಾನೇ ಹೇಳಿದ್ಲು."

"ಚೆನ್ನಾಗಿದೆ! ಮಕ್ಕಳ ಕೈಲಿ ಕೆಲಸ ಬೇರೆ ಮಾಡಿಸ್ತೀರಾ?"

ಹೇಳಿದ್ದರಿಂದ ಪರಿಸ್ಥಿತಿ ಇನ್ನಷ್ಟು ಕೆಟ್ಟಿತು. ಮೆಣಸಿಗೆ ಅಳು ಬಂತು.

"ಮೇಡಂ," ಎಂದರು ಮಾಮ ಮೂಗು ತಿಕ್ಕುತ್ತಾ, "ಏಟು ತಿಂದೋನು ನಾನು, ನನ್ನ ಮಾತೂ ಸ್ವಲ್ಪ ಕೇಳಿ. ಟಾಯ್ಲೆಟ್ ಯಾವ ಕಡೆ ಅಂತ ಕಂಡಕಂಡೋರನ್ನ ಕೇಳಿ ಕೇಳಿ ಸಾಕಾಗಿದೆ. ಮೊನ್ನೆ ಒಬ್ಬ ಪುಣ್ಯಾತ್ಮ ಕೈ ಹಿಡಿದು ಕರ್ಕೊಂಡ್ ಹೋಗಿ ಲಿಫ್ಟಲ್ಲಿ ಬಿಟ್ಟ. ಬೋರ್ಡು ಬೇಕು. ಇವರೇ ಸರಿ ಮಾಡ್ಲಿ, ನಾನೇ ಓದಿ ನೋಡ್ತೀನಿ."

ಮೇಡಂ ಗಡಿಯಾರ ನೋಡಿದರು. "ಊಟದ ಹೊತ್ತಿನ ತನಕ ಟೈಮು."

ಅಮ್ಮ ಬೋರ್ಡಿನ ಹಿಂದೆ ನೈಲಾನ್ ದಾರ ತೂರಿಸಿ ಒಂದು ತುದಿ ಮೆಣಸಿಯ ಕೈಗೆ ಕೊಟ್ಟಳು. "ಗರಗಸದ ಥರ ಎಳಿ."

"ನೀನು ಬೈಯಲ್ವಾ?"

"ಬೈತೀನಿ. ಮೊದ್ಲು ಎಳಿ."

ಹಿಂದಿದ್ದ ಅಂಟುಟೇಪು ಕೊಯ್ದುಕೊಂಡು ಬೋರ್ಡು ಕೈಗೆ ಬಂತು. ಒಂದಾದ ಮೇಲೊಂದು ಆರೂ ಗೋಡೆಗೆ ಹೋದವು.

ಮಾಮ ಗೋಡೆ ಸವರುತ್ತ ಬಂದರು. ಬೆರಳು ಬೋರ್ಡು ಮುಟ್ಟಿ ನಿಂತಿತು. "ಇಂಜೆಕ್ಷನ್ ಕೋಣೆ," ಎಂದು ಓದುವಷ್ಟರಲ್ಲಿ ಅದೇ ನರ್ಸು ಧಡಕ್ಕನೆ ಬಾಗಿಲು ತೆರೆದರು. ಮೆಣಸಿ ಕಣ್ಣು ಮುಚ್ಚಿಕೊಂಡಳು.

ಯಾವ ಸದ್ದೂ ಇಲ್ಲ. ಬಾಗಿಲು ಮಾಮನ ಪಕ್ಕದಿಂದ ಆಚೆಗೆ ತಿರುಗಿ ಹೋಗಿತ್ತು.

"ಹ್ಞೂಂ. ಆ ಇನ್ನೆರಡು ಮಹಡಿನೂ ನೀವೇ ಮುಗಿಸಿ," ಎಂದು ಮೇಡಂ ಹೊರಟರು. ಅಮ್ಮ ಅಲ್ಲೇ ಮೆಟ್ಟಿಲ ಮೇಲೆ ಕುಕ್ಕರಿಸಿ, ಮಗಳ ತಲೆಗೊಂದು ಮೆಲ್ಲಗೆ ಮೊಟಕಿದಳು.

ಮಾಮ ಮುಂದಕ್ಕೆ ನಡೆಯುತ್ತಲೇ ಇದ್ದರು. ಮೆಣಸಿ ಓಡಿಹೋಗಿ ಅವರ ಕೈ ಹಿಡಿಯಲು ಹೊರಟಳು. ಹಿಡಿಯಲಿಲ್ಲ. ಎರಡು ಹೆಜ್ಜೆ ಹಿಂದೆಯೇ ನಿಂತಳು.

ಮೂರು ಬೋರ್ಡು ದಾಟಿ ನಾಲ್ಕನೆಯದನ್ನು ಮಾಮ ನಿಧಾನವಾಗಿ ಓದಿದರು: "ಟಾಯ್ಲೆಟ್." ಬಾಗಿಲು ತೆರೆದು ಒಳಗೆ ಹೋದರು. ಚಿಲಕ ಹಾಕಿಕೊಂಡ ಸದ್ದು ಬಂತು.